ಜೀವಶಿಲೆ: ಒಳನಾಡಿನ ಕಡಲತೊಟ್ಟಿಯಲ್ಲಿ ಅದರ ಸಿದ್ಧತೆ ಮತ್ತು ಜೋಡಣೆ

ಸತ್ತ ಹವಳದ ಸುಣ್ಣದ ಗೂಡುಗಳು ಅಲೆಯ ಹೊಡೆತಕ್ಕೆ ಒಡೆದು, ಆ ತುಂಡುಗಳನ್ನು ಚಿಪ್ಪು, ಉಸುಕು ಮತ್ತು ಸುಣ್ಣ ಕಟ್ಟುವ ಪಾಚಿಗಳು ಮತ್ತೆ ಬೆಸೆದು ಉಂಟಾಗುವ ರಂಧ್ರಮಯ ಕಲ್ಲಿನಲ್ಲಿ ಬ್ಯಾಕ್ಟೀರಿಯಾ, ಪಾಚಿ, ಸ್ಪಂಜು, ಹುಳುಗಳು ಹಾಗೂ ಸಿಗಡಿಯ ಬಳಗದ ಸಣ್ಣ ಜೀವಿಗಳು ನೆಲೆಸಿದ್ದರೆ ಅಂಥ ಕಲ್ಲಿಗೆ ಜೀವಶಿಲೆ ಎಂದು ಹೆಸರು. ಉಪ್ಪುನೀರಿನ ಮೀನು ಸಾಕುವವರ ಬಾಯಲ್ಲಿ ಇದು ಲೈವ್ ರಾಕ್. ಕಲ್ಲಿಗೆ ಸ್ವತಃ ಜೀವವಿಲ್ಲ; ಅದರ ಮೈಮೇಲೂ ಒಳಸಂದುಗಳಲ್ಲೂ ಕುಳಿತ ಒಕ್ಕಲಿಗೆ ಜೀವವಿದೆ. ಮನೆಯ ಕಡಲತೊಟ್ಟಿಯಲ್ಲಿ ಈ ಕಲ್ಲು ಏಕಕಾಲಕ್ಕೆ ನೀರನ್ನು ಶುದ್ಧಗೊಳಿಸುವ ಶೋಧಕವಾಗಿ, ಮೀನಿಗೆ ಅಡಗುತಾಣವಾಗಿ, ಹವಳಕ್ಕೆ ಆಸನವಾಗಿ ಮತ್ತು ನೋಡುವವರಿಗೆ ದೃಶ್ಯವಾಗಿ ಕೆಲಸ ಮಾಡುವುದರಿಂದ, ಅದನ್ನು ಜೋಡಿಸುವ ಕ್ರಮ ಕೇವಲ ಅಲಂಕಾರದ ವಿಷಯವಾಗಿ ಉಳಿಯುವುದಿಲ್ಲ. ಬೆಳಗಾವಿ ಜಿಲ್ಲೆಯ ಉತ್ತರ ಅಂಚಿನ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳಂಥ ಒಳನಾಡಿನಲ್ಲಿ ಈ ಕಲ್ಲನ್ನು ಸಮುದ್ರದಿಂದ ತರುವುದು ಕಾನೂನಿನಿಂದಲೂ ದೂರದಿಂದಲೂ ಆಗದ ಮಾತಾಗಿದ್ದು, ಒಣಕಲ್ಲನ್ನೇ ತಿಂಗಳುಗಟ್ಟಲೆ ಮಾಗಿಸಿ ಜೀವಶಿಲೆಯನ್ನಾಗಿ ಮಾಡಿಕೊಳ್ಳುವುದೊಂದೇ ನೇರವಾದ ದಾರಿ.

ಇಲ್ಲಿ ಒಂದು ಪದದ ಗೊಂದಲವನ್ನು ಬಿಡಿಸಿಕೊಳ್ಳಬೇಕು. ಕನ್ನಡದಲ್ಲಿ ಹವಳ ಎಂದೊಡನೆ ನೆನಪಿಗೆ ಬರುವುದು ಕರಿಮಣಿಯ ನಡುವೆ ಪೋಣಿಸುವ ಕೆಂಪು ಮಣಿ, ನವರತ್ನಗಳಲ್ಲಿ ಒಂದು. ಆ ಕೆಂಪು ಹವಳದ ಹೆಸರಾಂತ ಜಾತಿ ಬೆಳೆಯುವುದು ಮುಖ್ಯವಾಗಿ ಮೆಡಿಟರೇನಿಯನ್ ಸಮುದ್ರದ ಕತ್ತಲೆಯ ಬಂಡೆಗಳಲ್ಲಿ; ಅದು ದಿಬ್ಬ ಕಟ್ಟುವುದಿಲ್ಲ. ಜೀವಶಿಲೆಗೆ ಮೂಲವಾಗುವುದು ಬೆಚ್ಚಗಿನ, ಆಳವಿಲ್ಲದ, ಬಿಸಿಲು ಬೀಳುವ ನೀರಿನಲ್ಲಿ ಬೆಳೆದು ದಿಬ್ಬ ಕಟ್ಟುವ ಕಲ್ಲುಹವಳಗಳು, ಮತ್ತು ಅವುಗಳ ಬಣ್ಣ ಸತ್ತ ಮೇಲೆ ಬರೀ ಬಿಳಿ.

ಚರಿತ್ರೆ

ಗಾಜಿನ ತೊಟ್ಟಿಯಲ್ಲಿ ಕಡಲಜೀವಿಗಳನ್ನು ಸಾಕುವ ಹವ್ಯಾಸ 19ನೆಯ ಶತಮಾನದ ನಡುಭಾಗದ ಇಂಗ್ಲೆಂಡಿನಲ್ಲಿ ಹುಟ್ಟಿತು. ಲಂಡನ್ನಿನ ಪ್ರಾಣಿಸಂಗ್ರಹಾಲಯದಲ್ಲಿ 1853ರಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಬರೆದ ಪುಸ್ತಕದಿಂದ ಅಕ್ವೇರಿಯಂ ಎಂಬ ಪದ ಮನೆಮಾತಾಯಿತು. ಈ ಐದು ತಾಲೂಕುಗಳ ಜನ ಓದಿಗೋ ಉದ್ಯೋಗಕ್ಕೋ ಹೋಗಿಬರುವ ಮುಂಬೈಯಲ್ಲಿ 1951ರಲ್ಲಿ ತಾರಾಪೋರ್‌ವಾಲಾ ಮತ್ಸ್ಯಾಲಯ ಆರಂಭವಾಗಿ, ಕಡಲಮೀನನ್ನು ಜೀವಂತವಾಗಿ ನೋಡುವ ಅವಕಾಶವನ್ನು ಪಶ್ಚಿಮ ಭಾರತದ ಸಾಮಾನ್ಯರಿಗೆ ಒದಗಿಸಿತು. ಆ ಕಾಲದ ತೊಟ್ಟಿಗಳಲ್ಲಿ ಹವಳವೆಂದರೆ ಕುದಿಸಿ, ಬಿಳುಪು ಮಾಡಿ ಇಟ್ಟ ಸತ್ತ ಗೂಡು. ಅದರಲ್ಲಿ ಪಾಚಿ ಕಂಡರೆ ತೆಗೆದು ಮತ್ತೆ ಬಿಳುಪು ಮಾಡುತ್ತಿದ್ದರು.

ಈ ಪದ್ಧತಿಗೆ ತಿರುವು ಕೊಟ್ಟವನು ಇಂಡೋನೇಷ್ಯಾದ ಜಕಾರ್ತಾದಲ್ಲಿದ್ದ ಲೀ ಚಿನ್ ಎಂಗ್. ಕಡಲಿನಿಂದ ಜೀವಿಗಳ ಸಮೇತ ತಂದ ಕಲ್ಲು ಮತ್ತು ಗಾಳಿಯ ಗುಳ್ಳೆಗಳಷ್ಟರಿಂದಲೇ ತೊಟ್ಟಿಯನ್ನು ನಡೆಸಬಹುದೆಂಬ ತನ್ನ ಕ್ರಮವನ್ನು ಅವನು 1961ರಲ್ಲಿ ಅಮೆರಿಕದ ಹವ್ಯಾಸಿ ಪತ್ರಿಕೆಯೊಂದರಲ್ಲಿ ವಿವರಿಸಿದನು. ಅನಂತರದ ದಶಕಗಳಲ್ಲಿ ಜರ್ಮನಿಯ ಹವ್ಯಾಸಿಗಳು ಇದಕ್ಕೆ ಪ್ರೋಟೀನ್ ಸ್ಕಿಮ್ಮರ್ ಎಂಬ ಸಾಧನವನ್ನು ಸೇರಿಸಿ ಬರ್ಲಿನ್ ಪದ್ಧತಿಯನ್ನು ರೂಪಿಸಿದರು. ಸ್ಕಿಮ್ಮರಿನ ಕೆಲಸ ಕಬ್ಬಿನ ಸೀಮೆಯವರಿಗೆ ಹೊಸದೇನಲ್ಲ: ಗಾಣದ ಕೊಪ್ಪರಿಗೆಯಲ್ಲಿ ಕುದಿಯುವ ಕಬ್ಬಿನ ಹಾಲಿನ ಮೇಲೆ ನೊರೆಯಾಗಿ ಬರುವ ಕಸವನ್ನು ಎತ್ತಿ ಚೆಲ್ಲುವಂತೆ, ಈ ಸಾಧನ ಸಣ್ಣ ಗುಳ್ಳೆಗಳ ನೊರೆಗೆ ಅಂಟಿಕೊಂಡು ಬರುವ ಸಾವಯವ ಕಲ್ಮಷವನ್ನು ಮೇಲಿನ ಬಟ್ಟಲಿಗೆ ತಳ್ಳುತ್ತದೆ. ಉಳಿದುದನ್ನು ಕಲ್ಲು ನೋಡಿಕೊಳ್ಳುತ್ತದೆ.

ಕಲ್ಲಿನೊಳಗಿನ ಕ್ರಿಯೆ

ಮೀನಿನ ವಿಸರ್ಜನೆ ಮತ್ತು ತಿನ್ನದೆ ಉಳಿದ ಆಹಾರದಿಂದ ಹುಟ್ಟುವ ಅಮೋನಿಯಾ ಅಲ್ಪ ಪ್ರಮಾಣದಲ್ಲೂ ಮೀನಿನ ಕಿವಿರುಗಳಿಗೆ ವಿಷ. ಕಲ್ಲಿನ ಹೊರಮೈಯಲ್ಲಿ ಆಮ್ಲಜನಕವನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೈಟ್ ಆಗಿ, ಬೇರೆ ಬ್ಯಾಕ್ಟೀರಿಯಾಗಳು ನೈಟ್ರೈಟನ್ನು ಅಷ್ಟಾಗಿ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಆಮ್ಲಜನಕ ಮುಟ್ಟದ ಒಳರಂಧ್ರಗಳಲ್ಲಿ ಮತ್ತೊಂದು ಗುಂಪಿನ ಬ್ಯಾಕ್ಟೀರಿಯಾಗಳು ನೈಟ್ರೇಟಿನಲ್ಲಿರುವ ಆಮ್ಲಜನಕವನ್ನೇ ಉಸಿರಾಟಕ್ಕೆ ಬಳಸಿಕೊಂಡು ಸಾರಜನಕದ ಅನಿಲವನ್ನು ಬಿಡುತ್ತವೆ, ಮತ್ತು ಆ ಅನಿಲ ಗುಳ್ಳೆಯಾಗಿ ಗಾಳಿಗೆ ಸೇರುತ್ತದೆ. ಒಂದೇ ಕಲ್ಲಿನ ಹೊರಮೈ ಮತ್ತು ಒಳಮೈ ಹೀಗೆ ಎರಡು ಬೇರೆ ಕಾರ್ಖಾನೆಗಳಾಗಿರುವುದರಿಂದ ಕಲ್ಲಿನ ತೂಕಕ್ಕಿಂತ ಅದರ ರಂಧ್ರಗಳು ಮುಖ್ಯ, ರಂಧ್ರಗಳಿಗಿಂತ ಅವುಗಳ ಎದುರು ಹರಿಯುವ ನೀರು ಮುಖ್ಯ. ಎರಡನೆಯ ಕಾರ್ಖಾನೆಯ ಸಾಮರ್ಥ್ಯವನ್ನು ಹಿಂದಿನ ಪುಸ್ತಕಗಳು ಸ್ವಲ್ಪ ಹೆಚ್ಚಾಗಿಯೇ ಹೊಗಳಿದ್ದವು. ನೀರು ಬದಲಿಸುವ ಕೆಲಸದಿಂದ ಕಲ್ಲು ಯಾರಿಗೂ ಪೂರ್ತಿ ಬಿಡುಗಡೆ ಕೊಟ್ಟಿಲ್ಲ.

ನೆಲ, ಕಲ್ಲು ಮತ್ತು ಸವಳು ನೀರು

ನಿಪ್ಪಾಣಿಯಿಂದ ಪಶ್ಚಿಮಕ್ಕೆ ನೇರ ಗೆರೆ ಎಳೆದರೆ ಅರಬ್ಬಿ ಸಮುದ್ರ ಸುಮಾರು 100 ಕಿ.ಮೀ. ದೂರದಲ್ಲಿದೆ, ನಡುವೆ ಸಹ್ಯಾದ್ರಿಯ ಗೋಡೆ ಇರುವುದರಿಂದ ಆಜರಾ, ಅಂಬೋಲಿ ಘಾಟಿನ ದಾರಿ ಅದಕ್ಕಿಂತ ಬಹಳ ಉದ್ದ. ಪೂರ್ವಕ್ಕೆ ಸರಿದಂತೆ, ಅಥಣಿಯ ಹೊತ್ತಿಗೆ, ಮಳೆನೆರಳಿನ ಒಣಸೀಮೆ ಆರಂಭವಾಗುತ್ತದೆ. ಕೃಷ್ಣೆ, ದೂಧಗಂಗೆ, ವೇದಗಂಗೆಗಳು ಹರಿಯುವ ಈ ಐದೂ ತಾಲೂಕುಗಳ ಬಹುಭಾಗದ ತಳದಲ್ಲಿರುವುದು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖನ್ನಿನಲ್ಲಿ ಹರಡಿದ ಲಾವಾದಿಂದಾದ ಕರಿಕಲ್ಲು, ಅದರ ಮೇಲೆ ಎರೆಮಣ್ಣು. ಸುಣ್ಣದ ಅಂಶವೇ ಜೀವವಾಗಿರುವ ಕಡಲತೊಟ್ಟಿಗೆ ಈ ನೆಲ ಒದಗಿಸುವುದು ಕಡಿಮೆ.

ಕರಿಕಲ್ಲಿನಲ್ಲಿ ಲಾವಾದ ಅನಿಲ ಹೊರಬಂದು ತೂತು ತೂತಾದ ಒಂದು ಬಗೆ ಇದೆ. ಬಾವಿ ತೋಡುವಾಗ, ರಸ್ತೆ ಕಡಿಯುವಾಗ ಅದು ಧಾರಾಳವಾಗಿ ಸಿಗುತ್ತದೆ ಮತ್ತು ನೋಡಲು ಜೀವಶಿಲೆಯನ್ನೇ ಹೋಲುತ್ತದೆ. ಆದರೆ ಅದರ ತೂತುಗಳಲ್ಲಿ ಬಹಳಷ್ಟು ಒಂದಕ್ಕೊಂದು ಕೂಡಿಕೊಂಡಿರುವುದಿಲ್ಲವಾದ್ದರಿಂದ ನೀರು ಒಳಗೆ ಸುಳಿಯುವುದಿಲ್ಲ, ಕಬ್ಬಿಣದ ಅಂಶ ಹೆಚ್ಚು, ನೀರಿನ ಕ್ಷಾರತೆಯನ್ನು ಕಾಯುವ ಸುಣ್ಣವೂ ಅದರಲ್ಲಿಲ್ಲ. ಘಟ್ಟದ ಕಡೆಯ ಕೆಂಪು ಜಂಬಿಟ್ಟಿಗೆ ಕಲ್ಲು ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳ ಗಟ್ಟಿ. ಅದನ್ನು ಮುಟ್ಟದಿರುವುದೇ ಲೇಸು. ಎರೆಹೊಲದಲ್ಲಿ ನೇಗಿಲಿಗೆ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳ ಮೇಲೆ ಆ್ಯಸಿಡ್ ಹನಿಸಿದರೆ ನೊರೆಯೇಳುವುದು ನಿಜವಾದರೂ, ಅವುಗಳಲ್ಲಿ ಜೇಡಿಯೂ ಗೊಬ್ಬರ, ಕೀಟನಾಶಕಗಳ ಶೇಷವೂ ಸೇರಿರುವ ಸಂಭವವಿದೆ. ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಕಡೆಯ ಸುಣ್ಣದ ಕಲ್ಲೂ, ಮನೆಯ ನೆಲಕ್ಕೆ ಹಾಸುವ ಶಹಾಬಾದ್ ಫರಸಿಯೂ ಸುಣ್ಣವೇ. ಆದರೆ ಬಹು ಪ್ರಾಚೀನವಾಗಿ ಒತ್ತಿಕೊಂಡು ರಂಧ್ರವಿಲ್ಲದಂತಾದ ಆ ಕಲ್ಲು ಬ್ಯಾಕ್ಟೀರಿಯಾಕ್ಕೆ ಮನೆಯಾಗಲಾರದು.

ನೀರಿನ ಮಾತು ಇನ್ನೂ ನಾಜೂಕಿನದು. ಕಬ್ಬಿಗೆ ಮಿತಿಮೀರಿ ನೀರುಣಿಸಿದ ಕೃಷ್ಣಾತೀರದ ಹೊಲಗಳಲ್ಲಿ ಉಪ್ಪು ಮೇಲೆದ್ದು ಸವಳು, ನೀರು ನಿಂತು ಜವಳು ಆದ ಭೂಮಿ ಸಾಕಷ್ಟಿದೆ, ಮತ್ತು ಅಂಥ ಕಡೆಯ ಬಾವಿಯ ನೀರು ನಾಲಗೆಗೆ ಉಪ್ಪೇ ಆಗಿರುತ್ತದೆ. ಇದನ್ನು ಕಡಲನೀರಿನ ಅರ್ಧದಾರಿ ಎಂದು ಭಾವಿಸುವುದು ತಪ್ಪು. ಕಡಲನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣವಿದ್ದು, ಸೋಡಿಯಂ, ಕ್ಲೋರೈಡ್, ಮೆಗ್ನೀಸಿಯಂ, ಸಲ್ಫೇಟ್, ಕ್ಯಾಲ್ಸಿಯಂಗಳ ಪರಸ್ಪರ ಪ್ರಮಾಣ ಲೋಕದ ಎಲ್ಲ ಮಹಾಸಾಗರಗಳಲ್ಲೂ ಹೆಚ್ಚುಕಡಿಮೆ ಒಂದೇ; ಸವಳು ನೀರಿನ ಪ್ರಮಾಣವಾದರೋ ಹೊಲದಿಂದ ಹೊಲಕ್ಕೆ ಬೇರೆ, ಜೊತೆಗೆ ಯೂರಿಯಾದಿಂದ ಇಳಿದ ನೈಟ್ರೇಟು ಬೇರೆ. ತೊಟ್ಟಿಗೆ ಬೇಕಾದುದು ಮೊದಲು ಏನೂ ಇಲ್ಲದ ನೀರು, ಅನಂತರ ಅದರಲ್ಲಿ ಕರಗಿಸುವ ಸಿದ್ಧ ಕಡಲುಪ್ಪು. ಹಳ್ಳಿಹಳ್ಳಿಯ ಶುದ್ಧ ಕುಡಿಯುವ ನೀರಿನ ಘಟಕದಿಂದ ತುಂಬಿಸಿ ತರುವ 20 ಲೀಟರಿನ ಕ್ಯಾನಿನಲ್ಲೂ ಕುಡಿಯಲು ಹಿತವಾಗುವಷ್ಟು ಲವಣ ಉಳಿದಿರುತ್ತದಾದ್ದರಿಂದ, ಅದನ್ನು ಟಿಡಿಎಸ್ ಮಾಪಕದಿಂದ ಅಳೆದು, ಅಯಾನುಗಳನ್ನು ಹಿಡಿದಿಡುವ ರಾಳದ ಕೊಳವೆಯಲ್ಲಿ ಇನ್ನೊಮ್ಮೆ ಹಾಯಿಸಿ ಅಳತೆಯನ್ನು ಸೊನ್ನೆಯ ಸಮೀಪಕ್ಕೆ ತರಬೇಕು. ಪೇಟೆಯ ಅಡುಗೆ ಉಪ್ಪು ಯಾವ ರೀತಿಯಲ್ಲೂ ಬದಲಿಯಲ್ಲ.

ಕಾನೂನು

ಭಾರತದ ಮುಖ್ಯ ಹವಳದಿಬ್ಬಗಳು ಕಚ್ಛ್ ಕೊಲ್ಲಿ, ಮನ್ನಾರ್ ಕೊಲ್ಲಿ ಮತ್ತು ಪಾಕ್ ಕೊಲ್ಲಿ, ಲಕ್ಷದ್ವೀಪ, ಅಂಡಮಾನ್ ಮತ್ತು ನಿಕೋಬಾರ್‌ಗಳಲ್ಲಿವೆ. ಈ ತಾಲೂಕುಗಳಿಗೆ ಹತ್ತಿರದ ಹವಳದ ನೆಲೆಗಳೆಂದರೆ 1987ರಲ್ಲಿ ಘೋಷಿತವಾದ ಮಹಾರಾಷ್ಟ್ರದ ಮಾಲ್ವಣ ಕಡಲಧಾಮ ಮತ್ತು ಉತ್ತರ ಕನ್ನಡದ ಮುರುಡೇಶ್ವರದ ಎದುರಿನ ನೇತ್ರಾಣಿ ದ್ವೀಪ. ಎರಡೂ ಕಡೆ ಪ್ರವಾಸಿಗರು ನೀರೊಳಗೆ ಇಳಿಯುತ್ತಾರೆ, ಒಂದು ಚೂರನ್ನು ಚೀಲಕ್ಕೆ ಹಾಕಿಕೊಳ್ಳುವ ಮನಸ್ಸೂ ಕೆಲವರಿಗೆ ಬರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಗೆ 2001ರಲ್ಲಿ ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕರಿಹವಳ, ಬೆಂಕಿಹವಳ, ಕೊಳಲುಹವಳ ಮತ್ತು ಕಡಲಬೀಸಣಿಗೆಗಳು ಸೇರಿದ ಮೇಲೆ ಅವಕ್ಕೆ ಹುಲಿಗೆ ಇರುವಷ್ಟೇ ರಕ್ಷಣೆ ಇದೆ, ಮತ್ತು ಈ ರಕ್ಷಣೆ ಪ್ರಾಣಿಯ ಯಾವ ಭಾಗಕ್ಕೂ ಅನ್ವಯಿಸುವುದರಿಂದ ಸತ್ತ ತುಂಡು ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಹೊರದೇಶದ ಕಲ್ಲುಹವಳ ಮತ್ತು ಜೀವಶಿಲೆ ವನ್ಯಜೀವಿ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಎರಡನೆಯ ಪಟ್ಟಿಯಲ್ಲಿವೆ. 2022ರಲ್ಲಿ ತಿದ್ದುಪಡಿಯಾಗಿ ಮರುವರ್ಷ ಜಾರಿಗೆ ಬಂದ ಕಾಯ್ದೆ ಸೈಟಿಸ್ ಜೀವಿಗಳಿಗೆಂದೇ ಪ್ರತ್ಯೇಕ ಅನುಸೂಚಿಯನ್ನು ಒಳಗೊಂಡಿದೆ. ಆಮದಿನ ಮಾಲು ಎಂದು ಅಂಗಡಿಯವರು ಬಾಯಲ್ಲಿ ಹೇಳುವುದಕ್ಕೂ ಆಮದಿನ ಕಾಗದಪತ್ರ ಕೈಗೆ ಕೊಡುವುದಕ್ಕೂ ಇರುವ ಅಂತರವನ್ನು ಕೊಳ್ಳುವವರು ಗಮನಿಸಬೇಕು.

ಕಲ್ಲಿನ ಸಿದ್ಧತೆ

ಕಾನೂನಿಗೆ ಸಿಲುಕದ ಕಲ್ಲು ಎರಡು ಬಗೆಯದು: ಕಾರ್ಖಾನೆಯಲ್ಲಿ ಸುಟ್ಟು ಮಾಡಿದ ರಂಧ್ರಮಯ ಸೆರಾಮಿಕ್ ಅಥವಾ ಸಿಮೆಂಟಿನ ಸಿದ್ಧ ಕಲ್ಲು, ಮತ್ತು ಮನೆಯಲ್ಲಿಯೇ ಎರಕ ಹೊಯ್ದ ಕಲ್ಲು. ಎರಡನೆಯದು ಗೌಂಡಿಯ ಕೈಗೆ ಸುಲಭವಾಗಿ ಒಗ್ಗುವ ಕೆಲಸ. ಒಂದು ಪಾಲು ಬಿಳಿ ಸಿಮೆಂಟಿಗೆ, ಕೋಳಿಯ ಆಹಾರಕ್ಕೆ ಬಳಸುವ ಚಿಪ್ಪಿನ ನುಚ್ಚು ಮತ್ತು ದಪ್ಪ ಹರಳುಪ್ಪು ಕೂಡಿಸಿ ನಾಲ್ಕು ಪಾಲು ಎಂಬುದು ವಾಡಿಕೆಯ ಅಳತೆಗಳಲ್ಲೊಂದು. ಮಿಶ್ರಣ ಉಂಡೆ ಕಟ್ಟಿದರೆ ನಿಲ್ಲುವಷ್ಟು ಗಟ್ಟಿಯಾಗಿರಬೇಕು, ನೀರು ಜಾಸ್ತಿಯಾದರೆ ಉಪ್ಪು ಮೊದಲೇ ಕರಗಿಹೋಗುತ್ತದೆ. ಒದ್ದೆ ಉಸುಕಿನಲ್ಲಿ ಕೈಯಿಂದ ಗುಂಡಿ ತೋಡಿ, ನಡುವೆ ಉಸುಕಿನ ಗುಡ್ಡೆಗಳನ್ನು ನಿಲ್ಲಿಸಿ ಮಿಶ್ರಣವನ್ನು ಸುರಿದರೆ, ಆ ಗುಡ್ಡೆಗಳಿದ್ದ ಜಾಗ ಮುಂದೆ ಗವಿಯಾಗುತ್ತದೆ. ಎರಡು ದಿನ ಬಿಟ್ಟು ಎತ್ತಿ, ನೀರಿನಲ್ಲಿ ಮುಳುಗಿಸಿದಾಗ ಉಪ್ಪು ಕರಗಿ ಅದರ ಹರಳು ಕುಳಿತಿದ್ದ ಜಾಗಗಳು ರಂಧ್ರಗಳಾಗಿ ತೆರೆದುಕೊಳ್ಳುತ್ತವೆ.

ಹೊಸ ಗಿಲಾವಿಗೆ ನೀರುಣಿಸುವುದು ಗೌಂಡಿಗೆ ಗಟ್ಟಿತನದ ಪ್ರಶ್ನೆ. ಇಲ್ಲಿ ಅದು ವಿಷ ತೊಳೆಯುವ ಪ್ರಶ್ನೆ. ಸಿಮೆಂಟಿನಿಂದ ಹೊರಬರುವ ಸುಣ್ಣ ನೀರಿನ ಪಿಎಚ್ ಮೌಲ್ಯವನ್ನು, ಅಂದರೆ ಆಮ್ಲ–ಕ್ಷಾರದ ಅಳತೆಯನ್ನು, 11ರ ಆಚೆಗೂ ಒಯ್ಯುತ್ತದೆ. ಕಡಲಜೀವಿಗಳಿಗೆ ಬೇಕಾದುದು 8.1ರಿಂದ 8.4. ಸಿಹಿನೀರನ್ನು ಎರಡು ಮೂರು ದಿನಗಳಿಗೊಮ್ಮೆ ಬದಲಿಸುತ್ತ ಆರೆಂಟು ವಾರ ನೆನೆಸಿ, ಹೊಸ ನೀರಿನಲ್ಲಿ ಎರಡು ದಿನ ಬಿಟ್ಟರೂ ಅಳತೆ ಏರುವುದಿಲ್ಲ ಎಂದಾದ ಮೇಲೆಯೇ ಕಲ್ಲನ್ನು ಬಳಸಬೇಕು. ಈ ಹಂತದಲ್ಲಿ ಆತುರಪಟ್ಟವರ ತೊಟ್ಟಿ ಮುಂದೆ ಉದ್ಧಾರವಾಗುವುದು ಅಪರೂಪ.

ಬೇರೊಬ್ಬ ಹವ್ಯಾಸಿಯ ಹಳೆಯ ತೊಟ್ಟಿಯಿಂದ ಕಲ್ಲು ದೊರೆತರೆ ಅದರೊಂದಿಗೆ ಬೇಕಾದ ಜೀವಿಗಳೂ ಬೇಡವಾದವೂ ಬರುತ್ತವೆ. ಗಾಜಿನಂಥ ಪುಟ್ಟ ಏಪ್ಟೇಸಿಯ ಹೂಪ್ರಾಣಿ ಒಂದಿದ್ದರೆ ವರ್ಷದಲ್ಲಿ ನೂರಾಗಬಹುದು. ಮುಳ್ಳುಹುಳು ಕೈಗೆ ಚುಚ್ಚುತ್ತದೆ, ಆದರೂ ಕಸ ತಿನ್ನುವುದರಿಂದ ಅದು ಮಿತ್ರನೇ. ಇಂಥ ಕಲ್ಲನ್ನು ಶುದ್ಧ ಮಾಡಲೆಂದು ಒಲೆಯ ಮೇಲೆ ಕುದಿಸುವುದು ಪ್ರಾಣಕ್ಕೆ ಅಪಾಯ. ಕಲ್ಲಿಗೆ ಅಂಟಿರುವ ಝೋಆಂತಿಡ್ ಎಂಬ ಗುಂಡಿಯಾಕಾರದ ಜೀವಿಗಳ ಕೆಲವು ಜಾತಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದ್ದು, ಅದು ಹಬೆಯೊಡನೆ ಗಾಳಿ ಸೇರಿ, ಉಸಿರಾಡಿದ ಇಡೀ ಕುಟುಂಬಗಳು ಆಸ್ಪತ್ರೆ ಸೇರಿದ ಪ್ರಕರಣಗಳು ವಿದೇಶಗಳಲ್ಲಿ ದಾಖಲಾಗಿವೆ. ಕೈಗವಸು, ಕನ್ನಡಕ ಧರಿಸಿಯೇ ಕಲ್ಲನ್ನು ಮುಟ್ಟಬೇಕು.

ಜೋಡಣೆ

ಜೋಡಣೆಯನ್ನು ತೊಟ್ಟಿಯೊಳಗೆ ಆರಂಭಿಸಬಾರದು. 120 ಸೆಂ.ಮೀ. ಉದ್ದ, 45 ಸೆಂ.ಮೀ. ಅಗಲ, 45 ಸೆಂ.ಮೀ. ಎತ್ತರದ, ಸುಮಾರು 240 ಲೀಟರ್ ಹಿಡಿಯುವ ತೊಟ್ಟಿಯನ್ನು ಉದಾಹರಣೆಯಾಗಿ ತೆಗೆದುಕೊಂಡರೆ, ಪಡಸಾಲೆಯ ಫರಸಿಯ ಮೇಲೆ ಸೀಮೆಸುಣ್ಣದಿಂದ ಅದರ ತಳದ ಚೌಕವನ್ನು ಬರೆದು, ಒಳಗಡೆ ನಾಲ್ಕೂ ದಿಕ್ಕಿಗೆ 8–10 ಸೆಂ.ಮೀ. ಬಿಟ್ಟು ಮತ್ತೊಂದು ಚೌಕವನ್ನು ಬರೆಯಬೇಕು. ಕಲ್ಲು ಒಳಚೌಕವನ್ನು ದಾಟಬಾರದು. ಆ ಅಂಚು ಗಾಜಿನ ಪಾಚಿಯನ್ನು ಒರೆಸುವ ಆಯಸ್ಕಾಂತಕ್ಕೆ, ಕೈಗೆ ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ನೀರಿನ ಸುತ್ತಾಟಕ್ಕೆ ಮೀಸಲು. ಕಲ್ಲನ್ನು ತಿರುಗಿಸಿ, ಮಗುಚಿ, ಇಟ್ಟು ತೆಗೆದು, ಎದುರಿನ ಕುರ್ಚಿಯಲ್ಲಿ ಕುಳಿತು ನೋಡಿ, ಎರಡು ಮೂರು ದಿನ ಹಾಗೆಯೇ ಬಿಟ್ಟರೂ ನಷ್ಟವಿಲ್ಲ. ಒಣಕಲ್ಲಿನಿಂದ ಆರಂಭಿಸುವವರಿಗೆ ದೊರೆಯುವ ಒಂದು ಅನುಕೂಲ ಈ ವ್ಯವಧಾನ; ಕಡಲಿನಿಂದ ಬಂದ ಹಸಿಕಲ್ಲನ್ನು ಇಷ್ಟು ಹೊತ್ತು ಹೊರಗಿಟ್ಟರೆ ಅದರ ಜೀವ ಹೋಗುತ್ತದೆ.

ಕಲ್ಲಿನ ಪ್ರಮಾಣದ ಬಗ್ಗೆ ಹಳೆಯ ಪುಸ್ತಕಗಳ ಲೆಕ್ಕ 100 ಲೀಟರಿಗೆ 12ರಿಂದ 24 ಕೆ.ಜಿ. ಎಂದಿತ್ತು. ಈ ಲೆಕ್ಕದಂತೆ ನಡೆದರೆ ಉದಾಹರಣೆಯ ತೊಟ್ಟಿಗೆ ಅರ್ಧ ಕ್ವಿಂಟಲಿಗೂ ಮಿಕ್ಕಿ ಕಲ್ಲು ಬೀಳಬಹುದಾಗಿದ್ದು, ಮೀನು ಈಜುವ ಜಾಗವೇ ಉಳಿಯುವುದಿಲ್ಲ. ಚೆನ್ನಾದ ರಂಧ್ರಮಯ ಕಲ್ಲಾದರೆ 20 ಕೆ.ಜಿ.ಯ ಆಸುಪಾಸು ಸಾಕೆಂಬುದು ಇಂದಿನ ರೂಢಿ, ಮತ್ತು ಅದು ವಿವೇಕದ ರೂಢಿ.

ಕಲ್ಲು ನೇರವಾಗಿ ತಳದ ಮೇಲೆ ಕೂರಬೇಕು, ಉಸುಕಿನ ಮೇಲಲ್ಲ. ಗೋಬಿ ಮೀನಿನ ಜೊತೆಗಾರನಾಗಿ ಉಸುಕಿನಲ್ಲಿ ಬಿಲ ತೋಡುವ ಪಿಸ್ತೂಲು ಸಿಗಡಿ ಕಲ್ಲಿನ ಬುಡವನ್ನು ಸಡಿಲಿಸುತ್ತ ಹೋದರೆ ಗುಡ್ಡ ಕುಸಿದು ಗಾಜು ಸೀಳಬಹುದು. ತಳದ ಗಾಜಿನ ಮೇಲೆ ದೀಪದ ಚೌಕಟ್ಟಿಗೆ ಬಳಸುವಂಥ ಚೌಕುಳಿಯ ಪ್ಲಾಸ್ಟಿಕ್ ಜಾಲರಿಯನ್ನು ಹಾಸಿ, ಅದರ ಮೇಲೆ ಅಗಲ ಬುಡದ ಕಲ್ಲುಗಳನ್ನು ಇಟ್ಟು, ಆಮೇಲೆ ಉಸುಕನ್ನು ಸುತ್ತಲೂ ಸುರಿಯುವುದು ಸರಿಯಾದ ಕ್ರಮ; ಜಾಲರಿ ಭಾರವನ್ನು ಹರಡುತ್ತದೆ, ಮೊನೆಗಲ್ಲು ಗಾಜಿಗೆ ತಾಗದಂತೆ ತಡೆಯುತ್ತದೆ. ನೀರು, ಕಲ್ಲು, ಉಸುಕು, ಗಾಜು ಸೇರಿ ಈ ತೊಟ್ಟಿ 300 ಕೆ.ಜಿ. ಮೀರುವುದರಿಂದ, ಹಳೆಯ ಮಾಳಿಗೆ ಮನೆಯ ಮಣ್ಣುನೆಲದ ಮೇಲೆ ಅಥವಾ ಮಹಡಿಯ ಕೋಣೆಯ ನಡುವೆ ಇಡುವ ಮುನ್ನ ತಳಹದಿಯನ್ನು ನೋಡಿಕೊಳ್ಳಬೇಕು.

ಈ ಸೀಮೆಯ ಹಳೆಯ ಕರಿಕಲ್ಲಿನ ಗೋಡೆಗಳನ್ನು ಕಟ್ಟಿದ ಗೌಂಡಿಗೆ ಒಂದು ಕಲ್ಲು ಮೂರು ಕಡೆ ಆತುಕೊಂಡರೆ ಅಲುಗುವುದಿಲ್ಲ ಎಂಬುದು ಗೊತ್ತಿತ್ತು. ಆ ನಿಯಮ ಇಲ್ಲಿಯೂ ಸಲ್ಲುತ್ತದೆ. ಆದರೆ ಅವನು ಸಂದಿಗೆ ಚಕ್ಕೆ ತುರುಕಿ ಗಾಳಿಯೂ ತೂರದಂತೆ ಮುಚ್ಚುತ್ತಿದ್ದನು, ತೊಟ್ಟಿಯಲ್ಲಿ ಕಲ್ಲಿಡುವವನು ಅದೇ ಸಂದಿಯನ್ನು ತೆರೆದಿಡಬೇಕು. ಹಿಂಬದಿಯ ಗಾಜಿಗೆ ಒರಗಿಸಿ ಅಡ್ಡಗೋಡೆಯಂತೆ ಒಟ್ಟುವ ಹಳೆಯ ಶೈಲಿಯಲ್ಲಿ ಕಲ್ಲಿನ ಹಿಂದೆ ನೀರು ಸತ್ತು ನಿಲ್ಲುತ್ತಿತ್ತು. ಮೀನಿನ ಹಿಕ್ಕೆ, ಉಳಿದ ಆಹಾರ ಅಲ್ಲಿ ಸೇರಿ ಕೊಳೆತು ನೈಟ್ರೇಟು, ಫಾಸ್ಫೇಟು ಏರುತ್ತಿತ್ತು, ಎದುರಿನಿಂದ ನೋಡಿದರೆ ಎಲ್ಲವೂ ಚೊಕ್ಕಟವಾಗಿಯೇ ಕಾಣುತ್ತಿತ್ತು. ಅದರ ಬದಲು ಒಂದು ದೊಡ್ಡ, ಒಂದು ಚಿಕ್ಕ ಗುಡ್ಡವನ್ನು ಸಮವಲ್ಲದ ದೂರದಲ್ಲಿ ನಿಲ್ಲಿಸಿ ನಡುವೆ ಕಣಿವೆಯನ್ನು ಬಿಡುವುದು, ಅಥವಾ ಒಂದೇ ಗುಡ್ಡವನ್ನು ನಟ್ಟನಡುವೆ ಇಡದೆ ಮೂರನೆಯ ಒಂದು ಭಾಗಕ್ಕೆ ಸರಿಸುವುದು ಕಣ್ಣಿಗೂ ನೀರಿಗೂ ಹಿತ. ಮನೆಯ ತೊಟ್ಟಿಗಳಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪೆಂದರೆ ಸಮಾನ ಎತ್ತರದ ಎರಡು ಗುಡ್ಡಗಳನ್ನು ತಕ್ಕಡಿಯ ತಟ್ಟೆಗಳಂತೆ ನಿಲ್ಲಿಸುವುದು.

ಗುಡ್ಡದ ಎತ್ತರ ನೀರಿನ ಮೂರನೆಯ ಎರಡು ಭಾಗವನ್ನು ದಾಟದಿದ್ದರೆ ಮೇಲಿನ ಕಲ್ಲಿನ ಮೇಲೆ ಹವಳ ಬೆಳೆಯಲು ಅವಕಾಶ ಉಳಿಯುತ್ತದೆ. ತುದಿಯ ಕಲ್ಲು ಚಪ್ಪಟೆಯಾಗಿದ್ದು ಬೆಳಕಿಗೆ ಮುಖ ಮಾಡಿರಬೇಕು. ಕೆಳಗಿನವು ಹೊರಚಾಚಿ ನೆರಳು ಕೊಡಬೇಕು. ಗವಿಗೆ ಒಂದೇ ಬಾಯಿ ಇದ್ದರೆ ಅದು ಬಲವಾದ ಮೀನಿನ ಕೋಟೆಯಾಗಿ ದುರ್ಬಲ ಮೀನಿಗೆ ಬಲೆಯಾಗುತ್ತದೆ, ಎರಡು ಬಾಯಿಗಳಿದ್ದರೆ ಅಟ್ಟಿಸಿಕೊಂಡ ಮೀನು ಆಚೆಯಿಂದ ಪಾರಾಗುತ್ತದೆ. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಸಂತಾನವೃದ್ಧಿಯ ತಂತ್ರವನ್ನು ರೂಪಿಸಿರುವ ಕ್ಲೌನ್ ಮೀನು ಒಳನಾಡಿನ ಹೊಸಬರಿಗೆ ತಕ್ಕ ಮೀನಾಗಿದ್ದು, ಒಂದು ಮೂಲೆಯನ್ನು ಹಿಡಿದು ಕೂರುವ ಅದರ ಸ್ವಭಾವಕ್ಕೆ ಚಿಕ್ಕ ಗುಡ್ಡವೊಂದು ಸಾಕಾಗುತ್ತದೆ. ದಿನವಿಡೀ ಓಡಾಡುವ ಟ್ಯಾಂಗ್ ಜಾತಿಯ ಮೀನುಗಳಿಗೆ ಕಲ್ಲಿಗಿಂತ ಕಲ್ಲಿಲ್ಲದ ಜಾಗ ಹೆಚ್ಚು ಬೇಕು, ಮತ್ತು ಉದಾಹರಣೆಯ ತೊಟ್ಟಿ ಅವಕ್ಕೆ ಚಿಕ್ಕದು.

ಆತುಕೊಂಡು ನಿಲ್ಲದ ಕಲ್ಲುಗಳನ್ನು ಬೆಸೆಯಲು ಸಯನೋಆಕ್ರಿಲೇಟ್ ಜೆಲ್ ಅಂಟನ್ನು ಎಪಾಕ್ಸಿ ಮುದ್ದೆಯ ಎರಡೂ ಬದಿಗೆ ಹಚ್ಚಿ ಒತ್ತುವುದುಂಟು. ಸೇತುವೆಯಂತೆ ಚಾಚುವ ಕಲ್ಲಿಗೆ ಡ್ರಿಲ್ಲಿನಿಂದ ತೂತು ಹೊಡೆದು ಅಕ್ರಿಲಿಕ್ ಸರಳನ್ನು ತೂರಿಸಬೇಕು. ಕಬ್ಬಿಣದ ಮೊಳೆ, ತಾಮ್ರದ ತಂತಿ ಎಂದಿಗೂ ಕೂಡದು: ಒಂದು ತುಕ್ಕು ಹಿಡಿದರೆ, ಇನ್ನೊಂದು ಸಿಗಡಿ, ಹವಳಗಳನ್ನು ಕೊಲ್ಲುತ್ತದೆ. ಜೋಡಿಸಿ ಮುಗಿದ ಮೇಲೆ ಅಂಗೈಯಿಂದ ಗುಡ್ಡದ ತುದಿಯನ್ನು ಒತ್ತಿ ಅಲುಗಿಸಿ ನೋಡಿದಾಗ ಅದು ಕದಲಬಾರದು.

ನೀರಿನ ಹರಿವಿಗೆ ಪರೀಕ್ಷೆ ಸರಳವಾದುದು. ಪಂಪುಗಳು ಗಂಟೆಗೆ ತೊಟ್ಟಿಯ ನೀರಿನ 10ರಿಂದ 20 ಪಟ್ಟು, ಅಂದರೆ ಇಲ್ಲಿ 2,400ರಿಂದ 4,800 ಲೀಟರಿನಷ್ಟು ನೀರನ್ನು ತಳ್ಳುವಂತಿರಬೇಕು. ಕಲ್ಲುಹವಳದ ತೊಟ್ಟಿಗೆ ಇನ್ನೂ ಹೆಚ್ಚು. ಪಂಪುಗಳನ್ನು ಎದುರುಬದುರು ಇಟ್ಟು ಓಡಿಸಿ, ಚಿಟಿಕೆಯಷ್ಟು ನೆನೆಸಿದ ಮೀನಿನ ಆಹಾರವನ್ನು ಬಿಟ್ಟು ಅದರ ಕಣಗಳು ಎಲ್ಲಿ ನಿಲ್ಲುತ್ತವೆಂದು ನೋಡಬೇಕು. ಯಾವ ಮೂಲೆಯಲ್ಲಿ ಕಣ ಕುಳಿತಿತೋ ಅಲ್ಲಿನ ಕಲ್ಲನ್ನು ಒಂದು ಬೆರಳಿನಷ್ಟು ಸರಿಸಿದರೂ ಎಷ್ಟೋ ವೇಳೆ ಸಾಕು. ಉಸುಕು ಹಾಕುವ ಮೊದಲೇ ಈ ಪರೀಕ್ಷೆ ಮುಗಿದಿರಬೇಕು.

ಮಾಗುವಿಕೆ

ನೀರು 1.025ರ ವಿಶಿಷ್ಟ ಗುರುತ್ವ ಮತ್ತು 24–27 ಡಿಗ್ರಿ ಸೆಲ್ಸಿಯಸ್ ಉಷ್ಣತೆಗೆ ಬಂದ ಮೇಲೆ, ಒಣಕಲ್ಲಿಗೆ ಸೀಸೆಯ ಬ್ಯಾಕ್ಟೀರಿಯಾವನ್ನೋ ನಂಬಿಕೆಯ ಹಳೆಯ ತೊಟ್ಟಿಯಿಂದ ತಂದ ಮುಷ್ಟಿಯಷ್ಟು ಜೀವವಿರುವ ಮಾಧ್ಯಮವನ್ನೋ ಹೆಪ್ಪು ಹಾಕಿ, ಅವುಗಳ ಆಹಾರಕ್ಕೆ ಅಳತೆಯ ಅಮೋನಿಯಾವನ್ನು ಕೊಡಬೇಕು. ಮೊದಲು ಅಮೋನಿಯಾ, ಅನಂತರ ನೈಟ್ರೈಟು ಏರಿ ಇಳಿದು, ಎರಡೂ ಸೊನ್ನೆಗೆ ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಇದು ಮಾಗುವಿಕೆಯ ಆರಂಭ ಮಾತ್ರ. ಮುಂದಿನ ತಿಂಗಳುಗಳಲ್ಲಿ ಬಿಳಿಯ ಕಲ್ಲು ಕಂದು ಡಯಾಟಮ್ಮಿನಿಂದ ಮುಚ್ಚುತ್ತದೆ, ಕೆಂಪು ಲೋಳೆಯ ಸಯನೋಬ್ಯಾಕ್ಟೀರಿಯಾ ಹರಡುತ್ತದೆ, ಹಸಿರು ಕೂದಲಪಾಚಿ ಏಳುತ್ತದೆ. ತೊಟ್ಟಿ ಕೆಟ್ಟಿತೆಂದು ಕಲ್ಲನ್ನೆಲ್ಲ ತೆಗೆದು ತಿಕ್ಕಿ ತೊಳೆದವರು ಅದೇ ಹಂತವನ್ನು ಮೊದಲಿನಿಂದ ಮತ್ತೊಮ್ಮೆ ಕಾಣುತ್ತಾರೆ. ನೇರಳೆ ಮತ್ತು ಗುಲಾಬಿ ಬಣ್ಣದ ಸುಣ್ಣಪಾಚಿ ಚುಕ್ಕೆಚುಕ್ಕೆಯಾಗಿ ಕಾಣಿಸಿಕೊಂಡಾಗ ಕಲ್ಲು ಮಾಗಿತೆಂದು ತಿಳಿಯಬಹುದು, ಒಣಕಲ್ಲಿನ ತೊಟ್ಟಿಗಳಲ್ಲಿ ಇದಕ್ಕೆ ವರ್ಷವೇ ಹಿಡಿಯುವುದುಂಟು.

ಈ ತಾಲೂಕುಗಳಲ್ಲಿ ಮಾಗಿದ ಕಲ್ಲಿನ ಶತ್ರುಗಳು ಎರಡು. ಏಪ್ರಿಲ್–ಮೇ ತಿಂಗಳ ಬಿಸಿಲಿನಲ್ಲಿ ಕೋಣೆಯ ಉಷ್ಣತೆಯೊಡನೆ ನೀರೂ 30 ಡಿಗ್ರಿಯನ್ನು ದಾಟಿದರೆ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗುತ್ತದೆ, ಬಿಸಿಗೆ ಹವಳವೂ ಬಿಳಿಚಿಕೊಳ್ಳುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಅಷ್ಟಾಗಿ ಕೆಲಸಕ್ಕೆ ಬಾರದ ಒಂದು ಉಪಾಯ ಅಥಣಿ, ಕಾಗವಾಡಗಳ ಒಣಗಾಳಿಯಲ್ಲಿ ಚೆನ್ನಾಗಿ ಫಲಿಸುತ್ತದೆ: ನೀರಿನ ಮೇಲೆ ಸಣ್ಣ ಫ್ಯಾನು ಬೀಸಿದರೆ ಆವಿಯಾಗುವ ನೀರು ಎರಡು ಮೂರು ಡಿಗ್ರಿ ತಂಪನ್ನು ಕೊಡುತ್ತದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಹಿಂದೆ ಉಳಿಯುತ್ತದೆ. ಆದ್ದರಿಂದ ಇಳಿದ ಮಟ್ಟವನ್ನು ಪ್ರತಿದಿನ ಶುದ್ಧ ಸಿಹಿನೀರಿನಿಂದಲೇ ತುಂಬಬೇಕು. ಎರಡನೆಯ ಶತ್ರು ವಿದ್ಯುತ್ ಕಡಿತ. ಪಂಪು ನಿಂತು ಗಂಟೆಗಳು ಕಳೆದಂತೆ ಕಲ್ಲಿನ ಅಸಂಖ್ಯ ಜೀವಿಗಳೂ ಮೀನೂ ಒಂದೇ ಆಮ್ಲಜನಕಕ್ಕೆ ಪೈಪೋಟಿ ಮಾಡುತ್ತವೆ. 2005, 2019 ಮತ್ತು 2021ರಲ್ಲಿ ಬಂದಂಥ ಕೃಷ್ಣಾ ಪ್ರವಾಹದ ವೇಳೆ ಕತ್ತಲೆ ದಿನಗಟ್ಟಲೆ ಇರಬಹುದಾದ್ದರಿಂದ, ನದೀತೀರದ ಊರುಗಳಲ್ಲಿ ಬ್ಯಾಟರಿಯಿಂದ ನಡೆಯುವ ಗಾಳಿಯ ಪಂಪು ತೊಟ್ಟಿಯಷ್ಟೇ ಅಗತ್ಯದ ಸಾಮಾನು.

ಕಲ್ಲು ಮಾಗುವ ಕಾಲದಲ್ಲಿ ಮತ್ತು ಅನಂತರವೂ ಹೊರಚೆಲ್ಲುವ ನೀರಿನ ಲೆಕ್ಕವನ್ನು ಹವ್ಯಾಸಿಗಳು ಇಡುವುದು ಕಡಿಮೆ. ಪ್ರತಿ 100 ಲೀಟರಿನೊಂದಿಗೆ ಮೂರೂವರೆ ಕೆ.ಜಿ. ಉಪ್ಪು ಹೊರಹೋಗುತ್ತದೆ. ಮೊದಲೇ ಸವಳು ಏರಿದ ಈ ಎರೆಭೂಮಿಯಲ್ಲಿ ಅದನ್ನು ಹಿತ್ತಲಿನ ತೆಂಗು, ಕರಿಬೇವಿನ ಬುಡಕ್ಕಾಗಲಿ ಹೊಲದ ಕಾಲುವೆಗಾಗಲಿ ಬಾವಿಯ ಹತ್ತಿರಕ್ಕಾಗಲಿ ಸುರಿಯದೆ, ಸ್ವಲ್ಪ ಸ್ವಲ್ಪವಾಗಿ ಸಿಹಿನೀರಿನಲ್ಲಿ ಬೆರೆಸಿ ಒಳಚರಂಡಿಗೆ ಬಿಡಬೇಕು.